ಕಲ್ಯಾಣದಲ್ಲಿ ಶಾರ್ಡನೆ

ಬಸವಕಲ್ಯಾಣದಲ್ಲಿ ಕೂತು ಫ್ರಾನ್ಸಿನ ಬರ್ಗಂಡಿಯ ಬಿಳಿ ವೈನಿನ ಗುಣಗಾನ ಮಾಡಲು ಸ್ವಲ್ಪ ಗುಂಡಿಗೆ ಬೇಕು. ಹೆಂಡದ ಮಾರಯ್ಯನೂ ಶರಣನಾಗಿ ವಚನ ಬರೆದ ಊರಿದು. ಆದರೂ ನನ್ನ ಪರ ಸಾಕ್ಷಿ ಹೇಳಲು ಒಬ್ಬರಿದ್ದಾರೆ: ಬಸವಣ್ಣನವರಿಗಿಂತ ತುಸು ಮೊದಲು ಇಲ್ಲೇ ಆಳಿದ ಮೂರನೆಯ ಸೋಮೇಶ್ವರ. 1129ರ ಸುಮಾರಿನ ತನ್ನ ‘ಮಾನಸೋಲ್ಲಾಸ’ದಲ್ಲಿ ಆತ ಆನೆ, ಅಡುಗೆಗಳ ಜೊತೆ ಮದಿರಾಪಾನ ಕ್ರೀಡೆಗೂ ಜಾಗ ಕೊಟ್ಟ. ರಾಜ ಬರೆದರೆ ಶಾಸ್ತ್ರ. ನಾನು ಬರೆದರೆ ಮನೆಯಲ್ಲಿ ವಿಚಾರಣೆ.

ಆ ಕಾಲಕ್ಕೆ ಬರ್ಗಂಡಿಯಲ್ಲೂ ಕಾಯಕಜೀವಿಗಳಿದ್ದರು. 1098ರಲ್ಲಿ ಸೀತೋದಲ್ಲಿ ಮಠ ಕಟ್ಟಿದ ಸಿಸ್ಟರ್ಷಿಯನ್ ಸನ್ಯಾಸಿಗಳು ಪ್ರಾರ್ಥನೆಯಷ್ಟೇ ಮೈದುಡಿಮೆಯನ್ನೂ ನಂಬಿದವರು. ಅವರ ಶಾಖಾಮಠ ಪೋಂತಿನ್ಯಿ 1114ರಲ್ಲಿ ಹುಟ್ಟಿತು. ಹತ್ತಿರದ ಶಾಬ್ಲಿಯ ಸುಣ್ಣಗಲ್ಲಿನ ಗುಡ್ಡಗಳಲ್ಲಿ ಆ ಮಠದವರು ದ್ರಾಕ್ಷಿ ಬೆಳೆಸಿದರು. ಆ ನೆಲದಲ್ಲಿ ಇಂದಿಗೂ ಪುಟ್ಟ ಸಿಂಪಿಗಳ ಪಳೆಯುಳಿಕೆಗಳು ಸಿಗುತ್ತವೆ. ಇಲ್ಲಿನ ಕಾಯಕದಿಂದ ವಚನ ಬಂತು, ಅಲ್ಲಿನದರಿಂದ ಶಾಬ್ಲಿ. ಯಾವುದು ಮೇಲು ಎಂದು ನನ್ನನ್ನು ಕೇಳಬೇಡಿ; ನಾನು ಈ ಊರಲ್ಲೇ ಬಾಳಬೇಕು.

ಶಾಬ್ಲಿ ವೈನು ಮಾಡುವ ಶಾರ್ಡನೆ ದ್ರಾಕ್ಷಿಗೆ ಸ್ವಂತ ಪರಿಮಳ ಅಷ್ಟಕ್ಕಷ್ಟೆ. ಹಾಗಾಗಿ ನೆಲದ ಗುಣ, ಮಾಡುವವರ ಕೈಗುಣ ಎರಡೂ ಎದ್ದು ಕಾಣುತ್ತವೆ. ಬರ್ಗಂಡಿಯ ಮರ್ಸೋ ಕಡೆ ರಸವನ್ನು 228 ಲೀಟರಿನ ಓಕ್ ಪೀಪಾಯಿಯಲ್ಲಿ ಹುದುಗಿಸಿ, ತಳಕ್ಕೆ ಕೂತ ಯೀಸ್ಟಿನ ಗಸಿಯನ್ನು ಆಗಾಗ ಕೋಲಿನಿಂದ ಕದಡುತ್ತಾರೆ. ಆಮೇಲೆ ಮೊಸರು ಹೆಪ್ಪುಗಟ್ಟಿಸುವ ಬಳಗದ ಬ್ಯಾಕ್ಟೀರಿಯಾಗಳು ಹಸಿ ಸೇಬಿನ ಚುರುಕು ಹುಳಿಯನ್ನು ಮೊಸರಿನ ಮೆತ್ತನೆ ಹುಳಿಗೆ ತಿರುಗಿಸುತ್ತವೆ. ಆಗ ಹುಟ್ಟುವ ಡೈಅಸಿಟೈಲಿಗೆ ಬೆಣ್ಣೆಯ ವಾಸನೆ.

ಹುಮನಾಬಾದಿನ ಕಾಕಾಗೆ ಈ ರಸಾಯನವೆಲ್ಲ ಬೇಕಿಲ್ಲ. ಗ್ಲಾಸನ್ನು ಮೂಗಿಗೆ ಹಿಡಿದವರೇ, “ತಮ್ಮಾ, ಇದರಾಗ ಯಾರೋ ಬೆಣ್ಣಿ ಕಾಸ್ಯಾರ ನೋಡು” ಅಂದರು. ತಜ್ಞರು ಪುಟಗಟ್ಟಲೆ ಬರೆಯುವುದು ಅಷ್ಟರಲ್ಲೇ ಮುಗಿಯಿತು. ಆದರೆ ಜೋಳದ ರೊಟ್ಟಿ, ಪುಂಡಿಪಲ್ಯ ಮೆದ್ದು ಮೇಲೊಂದು ಗುಟುಕು ಹಾಕಿದರೆ ವೈನು ಸಪ್ಪಗಾಗಿಬಿಟ್ಟಿತು. ಪುಂಡಿಯ ಹುಳಿಯ ಮುಂದೆ ಅದರ ಹುಳಿ ನಿಲ್ಲಲಿಲ್ಲ. ಹುರಿದ ಶೇಂಗಾ ಬಂದ ಮೇಲೆ ಅದರ ಮಾನ ಉಳಿಯಿತು.

ಬಾಟಲಿ ಫ್ರಾನ್ಸಿನದಲ್ಲ, ಮಹಾರಾಷ್ಟ್ರದ ಅಕಲೂಜಿನದು. ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿ ಹಿಡಿದು ಸೋಲಾಪುರ ದಾಟಿ ಹೋದರೆ ಫ್ರಾಟೆಲ್ಲಿ ವೈನ್ ಕಂಪನಿಯವರ ಶಾರ್ಡನೆ ತೋಟಗಳಿವೆ. ಅವರ ಜೊತೆಗೂಡಿ ‘ಜೆನೂನ್’ ಎಂಬ ವೈನ್ ಮಾಡಿದ ಜಾನ್-ಶಾರ್ಲ್ ಬ್ವಾಸೆ ಹುಟ್ಟಿದ್ದು ಬರ್ಗಂಡಿಯ ವೂಜೋದಲ್ಲಿ. ಅದೇ ಸಿಸ್ಟರ್ಷಿಯನ್ನರು ಗೋಡೆ ಕಟ್ಟಿ ತೋಟ ಮಾಡಿದ ಊರು. ಅವರ ಬಿಳಿ ಜೆನೂನಿನಲ್ಲಿ ಶಾರ್ಡನೆಗೆ ಸೋವಿನ್ಯೋ ಬ್ಲಾಂಕ್ ಬೆರೆಸುತ್ತಾರೆ. ಅಪ್ಪಟ ಬರ್ಗಂಡಿಯವರು ಮುಖ ಸಿಂಡರಿಸಿಯಾರು, ಸಿಂಡರಿಸಲಿ. ಅಕಲೂಜು ಮರ್ಸೋ ಆಗಬೇಕೆಂಬ ಹಟ ನನಗಂತೂ ಇಲ್ಲ.

ಆಗುವುದೂ ಹೇಗೆ? ಅಲ್ಲಿನ ಬಳ್ಳಿ ಚಳಿಗಾಲವಿಡೀ ಮಲಗುತ್ತದೆ. ಎಳೆ ಚಿಗುರು ಹಿಮಕ್ಕೆ ಸುಡದಿರಲೆಂದು ಏಪ್ರಿಲ್ ರಾತ್ರಿಗಳಲ್ಲಿ ಸಾಲುಗಳ ನಡುವೆ ಮೇಣದ ದೀಪ ಹಚ್ಚುತ್ತಾರೆ; 2021ರಲ್ಲಿ ಹಿಮ ಆ ದೀಪಗಳಿಗೂ ಬಗ್ಗಲಿಲ್ಲ. ನಮ್ಮ ಕಡೆಯ ಬಳ್ಳಿಗೆ ಅಂಥ ನಿದ್ದೆಯಿಲ್ಲ. ಏಪ್ರಿಲಿಗೊಂದು ಚಾಟ್ನಿ (ಕಡ್ಡಿ ಸವರುವುದು), ಮಳೆಗಾಲ ಮುಗಿಯುವಾಗ ಇನ್ನೊಂದು. ಹಣ್ಣು ಎರಡನೆಯದಕ್ಕೆ ಮಾತ್ರ. ಬೇಸಿಗೆ ಬಲಿಯುವುದರೊಳಗೆ ಕೊಯ್ಲು.

ಇದನ್ನೆಲ್ಲ ಕೇಳಿದ ಕಾಕಾ, “ಎರಡು ಕಡ್ಡಿ ತಂದು ಕೊಡು, ಬದುವಿಗೆ ಹಚ್ಚಿ ನೋಡ್ತೀನಿ” ಅಂದರು. ಒಳಗಿಂದ ಕಾಕಿಯ ದನಿ ಬಂತು: “ಮೊದಲ ತೊಗರಿ ರಾಶಿ ಮುಗಸ್ರಿ.”