ಪೇಸಣ್ಣ

ಅವರಿಗೆ ತಂದೆತಾಯಿ ಇಟ್ಟ ಹೆಸರು ಒಂದಿದೆ. ಆಧಾರ್ ಕಾರ್ಡಿನಲ್ಲಿ, ಕರೆಂಟ್ ಬಿಲ್ಲಿನಲ್ಲಿ ಅದು ಈಗಲೂ ಚಲಾವಣೆಯಲ್ಲಿದೆ. ಜಯನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಾತ್ರ ಅವರು ಎಲ್ಲರಿಗೂ ಪೇಸಣ್ಣ. ಹೊಸಬರು ಸಿಕ್ಕರೆ ಊರು ಯಾವುದು, ಕೆಲಸ ಎಲ್ಲಿ, ಮಕ್ಕಳೆಷ್ಟು ಎಂದು ಕೇಳುವುದು ಲೋಕರೂಢಿ. ಇವರು ಕೇಳುವುದು, "ನಿಮ್ಮ ಪೇಸ್ ಎಷ್ಟು?" ಒಂದು ಕಿಲೋಮೀಟರ್ ಓಡಲು ಎಷ್ಟು ನಿಮಿಷ ತಗೊಳ್ಳುತ್ತೀರಿ ಎಂದು. "ನಂಗೆ ಓಡೋ ಅಭ್ಯಾಸವೇ ಇಲ್ಲ ಸಾರ್" ಎಂದು ಯಾರಾದರೂ ಪ್ರಾಮಾಣಿಕವಾಗಿ ಒಪ್ಪಿಕೊಂಡರೆ, ಇದುವರೆಗೆ ಸಾಲವನ್ನೇ ಮಾಡದ ಗಿರಾಕಿ ಸಿಕ್ಕ ಬ್ಯಾಂಕಿನವರಂತೆ ಅವರ ಮುಖ ಅರಳುತ್ತದೆ.

ಇಂಥವರು ಈಗ ಬೆಂಗಳೂರಿನ ಬಡಾವಣೆಗೆ ಒಬ್ಬರಾದರೂ ಇದ್ದಾರೆ. 2008ರಲ್ಲಿ ವರ್ಲ್ಡ್ 10ಕೆ ಓಟ ಶುರುವಾದ ಮೇಲೆ ಈ ಕುಲ ಚೆನ್ನಾಗಿ ಬೆಳೆಯಿತು. ಅದಕ್ಕೆ ಮುಂಚೆ ನಮ್ಮ ರಸ್ತೆಯಲ್ಲಿ ಬೆಳಗಿನ ಜಾವ ಓಡುತ್ತಿದ್ದವರು ಮೂರೇ ಬಗೆ: ಪೊಲೀಸ್ ಸೆಲೆಕ್ಷನ್ನಿಗೆ ತಯಾರಾಗುವ ಹುಡುಗರು, ಡಾಕ್ಟರ್ ಹೆದರಿಸಿ ಕಳಿಸಿದ ದೊಡ್ಡವರು, ಮತ್ತು ನಾಯಿ ಅಟ್ಟಿಸಿಕೊಂಡು ಬಂದವರು. ಯಾರಿಗೂ ಪೇಸ್ ಎಷ್ಟೆಂದು ಗೊತ್ತಿರಲಿಲ್ಲ. ಮೂರನೆಯವರದು ಚೆನ್ನಾಗಿಯೇ ಇದ್ದಿರಬೇಕು.

ಪೇಸಣ್ಣನನ್ನು ಗುರುತಿಸಲು ಅವರು ಓಡುವುದನ್ನು ನೋಡಬೇಕಾಗಿಲ್ಲ. ಮದುವೆಮನೆಯಲ್ಲಿ ರೇಷ್ಮೆ ಪಂಚೆಯ ಅಂಚಿನ ಕೆಳಗೆ ಗಿಣಿಹಸಿರು ಶೂ ಕಂಡರೆ ಅದು ಅವರೇ. ಹಿಮ್ಮಡಿಗೆ ಪ್ಲಾಂಟರ್ ಫೇಶಿಯೈಟಿಸ್ ಬಂದಿದೆ, ಬರಿಗಾಲಲ್ಲಿ ನಿಲ್ಲುವ ಹಾಗಿಲ್ಲ ಎಂದು ಪುರೋಹಿತರಿಗೂ ವಿವರಿಸಿರುತ್ತಾರೆ. ಪಂಕ್ತಿಯಲ್ಲಿ ಹೋಳಿಗೆ ಎರಡನೇ ಸುತ್ತು ಬಂದಾಗ "ನಾಳೆ ಲಾಂಗ್ ರನ್ ಇದೆ, ಕಾರ್ಬ್ ಲೋಡಿಂಗ್ ಆಗ್ಬೇಕು" ಎಂದು ಹಾಕಿಸಿಕೊಂಡು, ಮೂರನೇ ಸುತ್ತಿಗೆ ಕಾರಣವನ್ನೂ ಹೇಳದೆ ಎಲೆ ಮುಂದೆ ಸರಿಸುತ್ತಾರೆ.

ಅವರ ಸಾಧನೆಯ ಚರಿತ್ರೆಯನ್ನು ಪಾದರಕ್ಷೆಗಳ ಆಧಾರದ ಮೇಲೆ ಮೂರು ಯುಗಗಳಾಗಿ ವಿಂಗಡಿಸಬಹುದು. ಮೊದಲನೆಯದು ಬರಿಗಾಲ ಯುಗ. 2009ರಲ್ಲಿ ಕ್ರಿಸ್ಟೊಫರ್ ಮೆಕ್‌ಡೂಗಲ್ ಬರೆದ 'ಬಾರ್ನ್ ಟು ರನ್' ಪುಸ್ತಕ ಬಂತು. ಮೆಕ್ಸಿಕೊದ ತಾರಾಹುಮಾರಾ ಜನ ತೆಳ್ಳನೆಯ ಚಪ್ಪಲಿ ಕಟ್ಟಿಕೊಂಡು ಬೆಟ್ಟದ ಕಣಿವೆಗಳಲ್ಲಿ ದಿನಗಟ್ಟಲೆ ಓಡುವ ಕಥೆ. ಅರ್ಧ ಓದುವಷ್ಟರಲ್ಲಿ ಪೇಸಣ್ಣ ಶೂ ಬಿಚ್ಚಿಟ್ಟರು. ಮೆಕ್ಸಿಕೊದ ಕಣಿವೆಗೂ ಜಯನಗರದ ಫುಟ್‌ಪಾತಿಗೂ ಇರುವ ವ್ಯತ್ಯಾಸ ಎರಡನೇ ದಿನವೇ ಅಂಗಾಲಿಗೆ ತಿಳಿಯಿತು. ಆಮೇಲೆ ಐದು ಬೆರಳಿಗೆ ಐದು ಗೂಡುಗಳಿದ್ದ ಶೂ ಬಂತು. ಅದನ್ನು ಹಾಕಿಕೊಂಡು ಲಿಫ್ಟಿಗೆ ಕಾಲಿಟ್ಟಾಗ ಒಳಗಿದ್ದ ಮಗು ಅತ್ತಿತು. ಅಂಥ ಶೂಗೆ ಹೆಸರಾದ ವೈಬ್ರಮ್ ಕಂಪನಿ, ಅದರಿಂದ ಕಾಲಿಗೆ ಒಳ್ಳೆಯದು ಎಂದು ಹೇಳಿಕೊಂಡದ್ದಕ್ಕೆ ಆಧಾರವಿಲ್ಲ ಎಂಬ ಮೊಕದ್ದಮೆಯನ್ನು 2014ರಲ್ಲಿ, ತಪ್ಪು ಒಪ್ಪಿಕೊಳ್ಳದೆ, 37.5 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಆ ಸುದ್ದಿ ಬರುವ ಹೊತ್ತಿಗೆ ಪೇಸಣ್ಣ ಬರಿಗಾಲ ಪಂಥವನ್ನು ಖಂಡಿಸಲು ಶುರುಮಾಡಿದ್ದರು.

ಏಕೆಂದರೆ ಎರಡನೆಯದಾದ ಹಾಸಿಗೆ ಯುಗ ಬಂದಿತ್ತು. ಅಡಿಭಾಗ ಎಷ್ಟು ದಪ್ಪವಿದ್ದರೆ ಮಂಡಿಗೆ ಅಷ್ಟು ಕ್ಷೇಮ ಎಂಬುದು ಹೊಸ ಸಿದ್ಧಾಂತ. ಆ ಶೂಗಳು ಬಾಗಿಲ ಪಕ್ಕದ ಸ್ಟ್ಯಾಂಡಿನಲ್ಲಿ ಹಿಡಿಸದೆ ಟಿವಿ ಕೆಳಗೆ ಬಂದವು. "ಇದು ನಮ್ಮ ಮದುವೆ ಹೊತ್ತಿಗೇ ಬಂದಿದ್ರೆ ಫೋಟೊದಲ್ಲಿ ಜೋಡಿ ಸರಿಹೋಗ್ತಿತ್ತು" ಎಂದರು ಅವರ ಹೆಂಡತಿ. ಆಕೆ ಅವರಿಗಿಂತ ಎರಡು ಇಂಚು ಎತ್ತರ.

ಮೂರನೆಯದು ಕಾರ್ಬನ್ ಯುಗ, ಈಗ ನಡೆಯುತ್ತಿರುವುದು. 2017ರಲ್ಲಿ ನೈಕಿ ಕಂಪನಿ ವೇಪರ್‌ಫ್ಲೈ ಎಂಬ ಶೂ ತಂದಿತು. ಒಳಗೆ ಕಾರ್ಬನ್ ಫೈಬರಿನ ತಗಡು, ಸುತ್ತ ಪುಟಿಯುವ ಫೋಮ್. ಓಟಕ್ಕೆ ಖರ್ಚಾಗುವ ಶಕ್ತಿಯಲ್ಲಿ ಶೇಕಡ ನಾಲ್ಕು ಉಳಿಯುತ್ತದೆ ಎಂಬುದನ್ನು ಹೆಸರಿನಲ್ಲೇ ಸೇರಿಸಿಬಿಟ್ಟಿದ್ದರು. ದಾಖಲೆಗಳು ಒಂದರ ಮೇಲೊಂದು ಉರುಳತೊಡಗಿದ ಮೇಲೆ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2020ರಲ್ಲಿ ಕಡಿವಾಣ ಹಾಕಿತು: ರಸ್ತೆ ಓಟದ ಶೂ ಅಡಿಭಾಗ 40 ಮಿಲಿಮೀಟರಿಗಿಂತ ದಪ್ಪ ಇರಬಾರದು, ಒಳಗೆ ಒಂದೇ ತಗಡು ಇರಬೇಕು. ಪೇಸಣ್ಣ ಮಗನ ಜಿಯೊಮೆಟ್ರಿ ಬಾಕ್ಸಿನಿಂದ ಸ್ಕೇಲ್ ತೆಗೆದು ತಮ್ಮ ಶೂ ಅಳೆದರು. 42 ಬಂತು. ನಿದ್ದೆ ಹಾರಿಹೋಯಿತು. "ಡಿಸ್‌ಕ್ವಾಲಿಫೈ ಮಾಡ್ಬಿಟ್ರೆ ಏನ್ರೀ ಮಾಡೋದು?" ಎಂದು ನನ್ನನ್ನು ಕೇಳಿದರು. ವರ್ಲ್ಡ್ 10ಕೆ ಗೆಲ್ಲುವ ಗಂಡಸರು 28 ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತಾರೆ. ಪೇಸಣ್ಣನಿಗೆ ಒಂದು ಗಂಟೆ ಹದಿನೆಂಟು ನಿಮಿಷ ಬೇಕು. ಆ ಹೊತ್ತಿಗೆ ಯಾರಾದರೂ ಟೇಪು ಹಿಡಿದು ಅವರಿಗಾಗಿ ಕಾಯುತ್ತಿದ್ದರೆ ಅದು ಗೌರವವೇ ಸರಿ ಎಂದು ನನಗನ್ನಿಸಿತು, ಹೇಳಲಿಲ್ಲ. ಮೂರೂ ಯುಗಗಳಲ್ಲಿ ಅವರ ಸಮಯ ಒಂದು ಗಂಟೆ ಹದಿನೆಂಟು ನಿಮಿಷವೇ.

ತೂಕದ ವಿಚಾರ ಬೇರೆ. ಒಂದೊಂದು ಶೂಗೆ ನೂರು ಗ್ರಾಂ ಹೆಚ್ಚಾದರೆ ಓಡುವ ಶ್ರಮ ಸುಮಾರು ಶೇಕಡ ಒಂದರಷ್ಟು ಏರುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಅಳೆದು ಕಂಡ ಮಾತು, ಅದನ್ನು ಅಲ್ಲಗಳೆಯುವಂತಿಲ್ಲ. ಪೇಸಣ್ಣ ಅಡುಗೆಮನೆಯ ತಕ್ಕಡಿಯಲ್ಲಿ ಶೂ ತೂಗಿ, ಲೇಸ್ ಬದಲಿಸಿ, ನಾಲ್ಕು ಗ್ರಾಂ ಇಳಿಸಿದರು. ಆ ಖುಷಿಗೆ ಎರಡು ಬೆಣ್ಣೆ ಮಸಾಲೆ ತಿಂದರು. ತಕ್ಕಡಿಯನ್ನು ಹೆಂಡತಿ ಅಂದೇ ಬೀರುವಿಗೆ ಸೇರಿಸಿ ಬೀಗ ಹಾಕಿದರು.

ಬಟ್ಟೆಯ ವಿಷಯದಲ್ಲಿ ಮಾತ್ರ ನಾನು ಅವರ ಪಕ್ಷ. ಹತ್ತಿ ಬನಿಯನ್ ಬೆವರು ಕುಡಿದು ಭಾರವಾಗಿ ಮೈಗೆ ಅಂಟಿಕೊಳ್ಳುತ್ತದೆ. ಹತ್ತು ಕಿಲೋಮೀಟರ್ ಉಜ್ಜಿದರೆ ಎದೆಯ ಮೇಲೆ ರಕ್ತವೇ ಬರುತ್ತದೆ. ಕಂಕುಳಿಗೆ, ತೊಡೆಸಂದಿಗೆ ವ್ಯಾಸಲಿನ್ ಸವರಿಕೊಳ್ಳಿ ಎಂದು ಅವರು ಲಿಫ್ಟಿನಲ್ಲಿ ಗಟ್ಟಿಯಾಗಿ ಹೇಳುವ ಸಲಹೆ ಕೇಳಲು ಮುಜುಗರವಾದರೂ ನೂರಕ್ಕೆ ನೂರು ಸರಿ. ತೊಂದರೆಯಾದದ್ದು ಚಡ್ಡಿಯಿಂದ. ಓಟದ ಚಡ್ಡಿ ಮೊಣಕಾಲಿಗಿಂತ ಸೊಂಟಕ್ಕೆ ಹತ್ತಿರ, ಪಕ್ಕದಲ್ಲಿ ಸೀಳಿರುತ್ತದೆ. ತುಮಕೂರಿನಿಂದ ಬಂದಿದ್ದ ಅತ್ತೆಯವರು ಬೆಳಿಗ್ಗೆ ಐದು ಗಂಟೆಗೆ ಎದ್ದು ನೋಡಿ, ಮಗಳನ್ನು ಎಬ್ಬಿಸಿ, "ಅಳಿಯಂದ್ರು ಪ್ಯಾಂಟ್ ಹಾಕ್ಕೊಳೋದು ಮರೆತು ಹೊರಟುಹೋದ್ರು ಕಣೇ" ಎಂದರಂತೆ. ಅಂದಿನಿಂದ ಅತ್ತೆ ಇರುವಷ್ಟು ದಿನ ಪೇಸಣ್ಣ ಚಡ್ಡಿಯ ಮೇಲೆ ಪಂಚೆ ಉಟ್ಟು ಹೊರಟು, ಸೆಕ್ಯೂರಿಟಿಯವನ ಕೈಗೆ ಪಂಚೆ ಕೊಟ್ಟು ಓಡುತ್ತಾರೆ. ಓಟಗಳಲ್ಲಿ ಬಿಟ್ಟಿ ಸಿಕ್ಕ ಟೀಶರ್ಟುಗಳಂತೂ ರಾಶಿ. ಅವರ ಕಾರು ಒರೆಸುವ ಹುಡುಗನ ಕೈಯಲ್ಲಿರುವ ಬಟ್ಟೆಯ ಮೇಲೂ 'ಫಿನಿಶರ್' ಎಂದು ಬರೆದಿದೆ.

ಭಾನುವಾರ ಲಾಲ್‌ಬಾಗ್. ಒಟ್ಟು 240 ಎಕರೆಯ ತೋಟ, ಗೇಟಿನಾಚೆ ಎಳನೀರು. ಪೇಸಣ್ಣನ ಬೆನ್ನಿನ ಚೀಲದಲ್ಲಿ ಒಂದೂವರೆ ಲೀಟರ್ ನೀರು, ಎದೆಯ ಜೇಬುಗಳಲ್ಲಿ ಜೆಲ್, ಉಪ್ಪಿನ ಮಾತ್ರೆ, ಒಂದು ಶಿಳ್ಳೆ. ಶಿಳ್ಳೆ ಯಾಕೆಂದು ಕೇಳಿದೆ. ಮಲ್ನಾಡ್ ಅಲ್ಟ್ರಾ ಥರದ ಓಟಗಳಲ್ಲಿ ಕಾಫಿ ತೋಟದ ನಡುವೆ ದಾರಿ ತಪ್ಪಿದರೆ ಊದಬೇಕಂತೆ. "ಇಲ್ಲಿ ದಾರಿ ತಪ್ಪಿದ್ರೆ ಗ್ಲಾಸ್‌ಹೌಸ್ ಎಲ್ಲಿ ಅಂತ ಯಾರನ್ನಾದ್ರೂ ಕೇಳಬಹುದಲ್ಲ ಸಾರ್?" ಎಂದೆ. "ಪ್ರಾಕ್ಟೀಸ್ ಇರ್ಬೇಕು ಕಣ್ರೀ" ಎಂದು ಊದಿಯೇಬಿಟ್ಟರು. ಕೆಂಪೇಗೌಡ ಗೋಪುರದ ಬಂಡೆಯ ಹತ್ತಿರ ನಗುತ್ತಿದ್ದ ನಗೆಕೂಟದವರು ಒಮ್ಮೆಲೇ ನಗು ನಿಲ್ಲಿಸಿದರು.

ಇನ್ನು ಸಲಹೆ. ಅದು ಅವರ ನಿಜವಾದ ಕಸುಬು. ಓಟ ಅದಕ್ಕೆ ಬೇಕಾದ ಲೈಸೆನ್ಸ್ ಅಷ್ಟೆ. ನಿಮಿಷಕ್ಕೆ 180 ಹೆಜ್ಜೆ ಹಾಕಬೇಕು ಎಂಬುದು ಒಂದು ಕಾಲದ ಮಂತ್ರ. ಜ್ಯಾಕ್ ಡೇನಿಯಲ್ಸ್ ಎಂಬ ಅಮೆರಿಕದ ಕೋಚ್ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕೂತು ಓಟಗಾರರ ಹೆಜ್ಜೆ ಎಣಿಸಿದ್ದರು. ಹೆಚ್ಚುಕಡಿಮೆ ಎಲ್ಲರೂ 180 ಅಥವಾ ಅದಕ್ಕಿಂತ ಹೆಚ್ಚು. ಒಲಿಂಪಿಕ್ಸ್ ಓಟಗಾರರ ಆ ಲೆಕ್ಕವನ್ನು ಪೇಸಣ್ಣ ಮೊಬೈಲಿನಲ್ಲಿ ಟಿಕ್ ಟಿಕ್ ಎನ್ನಿಸಿಕೊಂಡು ಸೌತ್ ಎಂಡ್ ಸರ್ಕಲ್ಲಿನ ಏರಿನಲ್ಲಿ ಪಾಲಿಸಿದರು. ಹೆಜ್ಜೆ ಎಷ್ಟು ಗಿಡ್ಡವಾಯಿತೆಂದರೆ, ಹೂವಿನ ಬುಟ್ಟಿ ಹಿಡಿದು ದೇವಸ್ಥಾನಕ್ಕೆ ಹೊರಟಿದ್ದ ಅಜ್ಜಿಯೊಬ್ಬರು ಅವರನ್ನು ದಾಟಿ, ತಿರುಗಿ ನೋಡಿ, "ಹುಷಾರಾಗಿದ್ದೀರೇನಪ್ಪಾ?" ಎಂದು ಕೇಳಿ ಮುಂದೆ ಹೋದರು.

ಎಲ್ಲ ಮಂತ್ರಗಳಿಗೂ ಆರು ತಿಂಗಳು ಆಯಸ್ಸು. ಓಟಕ್ಕೆ ಮುಂಚೆ ಮೈ ಸೆಳೆಯಬೇಕು, ಸೆಳೆಯಬಾರದು. ಖಾಲಿ ಹೊಟ್ಟೆಯಲ್ಲಿ ಓಡಬೇಕು, ಬಾಳೆಹಣ್ಣು ತಿಂದೇ ಓಡಬೇಕು. ಹಳೆಯ ಮಂತ್ರ ನಂಬಿ ಓಡುತ್ತಿರುವವರನ್ನು ಹೊಸ ಮಂತ್ರ ಬಂದಾಗ ಅಡ್ಡಗಟ್ಟಿ ತಿದ್ದುವುದು ಅವರೇ. "ಯಾರ್ರೀ ನಿಮಗೆ ಹಾಗ್ ಹೇಳಿದ್ದು?" ಎಂದು ಕೇಳುವಾಗ ಅವರ ಮುಖದಲ್ಲಿ ಕಾಣುವ ಆಶ್ಚರ್ಯ ನಟನೆಯಲ್ಲ.

ಅವರು ಇದುವರೆಗೆ ಕೈಬಿಡದ ಸಿದ್ಧಾಂತ ಒಂದೇ, ಜೋನ್ ಟೂ. 220ರಲ್ಲಿ ವಯಸ್ಸು ಕಳೆದರೆ ಹೃದಯ ಬಡಿತದ ಗರಿಷ್ಠ ಮಿತಿ ಸಿಗುತ್ತದೆ, ಹೆಚ್ಚಿನ ಓಟವೆಲ್ಲ ಅದರ ಶೇಕಡ ಅರವತ್ತು ಎಪ್ಪತ್ತರಲ್ಲೇ ನಡೆಯಬೇಕು ಎಂಬ ಲೆಕ್ಕ. 220 ಎಂಬುದು ಅರ್ಧ ಶತಮಾನದ ಹಿಂದಿನ ಒರಟು ಅಂದಾಜು, ಆಳಿನಿಂದ ಆಳಿಗೆ ಬಹಳ ವ್ಯತ್ಯಾಸವಾಗುತ್ತದೆ. ಆದರೆ ಪೇಸಣ್ಣನಿಗೆ ಹಿಡಿಸಿದ್ದು ಅಂಕಿಯಲ್ಲ, ಪರೀಕ್ಷೆ. ಉಸಿರು ಕಟ್ಟದೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆದರೆ ನೀವು ಜೋನ್ ಟೂನಲ್ಲಿದ್ದೀರಿ ಎಂದರ್ಥ. ಮಾತಾಡುವುದೇ ಸರಿಯಾಗಿ ಓಡುತ್ತಿರುವುದಕ್ಕೆ ಪುರಾವೆ ಎಂದು ವಿಜ್ಞಾನವೇ ಹೇಳಿದ ಮೇಲೆ ಅವರನ್ನು ತಡೆಯುವವರು ಯಾರು? ಕೆ.ಆರ್. ರಸ್ತೆಯಿಂದ ಕಬ್ಬನ್ ಪಾರ್ಕ್‌ವರೆಗೆ ನಾನು ಅವರ ಪಕ್ಕ ಓಡಿದ್ದೇನೆ. ನನಗೆ ಏದುಸಿರು, ಅವರಿಗೆ ಪೂರ್ತಿ ವಾಕ್ಯಗಳು.

ಉಳಿದವರ ಸಾಧನೆಗೂ ಅವರಲ್ಲಿ ವಿವರಣೆ ಇರುತ್ತದೆ. ಹಲವು ಓಟಗಳನ್ನು ಬರಿಗಾಲಲ್ಲೇ ಓಡಿದ ಶಿವನಾಥ್ ಸಿಂಗ್ 1978ರಲ್ಲಿ ಜಲಂಧರ್‌ನಲ್ಲಿ 2 ಗಂಟೆ 12 ನಿಮಿಷಕ್ಕೆ ಮ್ಯಾರಥಾನ್ ಮುಗಿಸಿದರು. ಆ ರಾಷ್ಟ್ರೀಯ ದಾಖಲೆ ನಲವತ್ತು ವರ್ಷ ದಾಟಿಯೂ ಅಲುಗಲಿಲ್ಲ. ಪೇಸಣ್ಣ ಫೋನಿನಲ್ಲಿ ಶೇಕಡ ನಾಲ್ಕು ಕಳೆದು, "ಕಾರ್ಬನ್ ಶೂ ಇದ್ದಿದ್ರೆ ಎರಡು ಆರು ನಲವತ್ಮೂರು" ಎಂದು ಮರುಗಿದರು. ತಮ್ಮ ಒಂದು ಗಂಟೆ ಹದಿನೆಂಟಕ್ಕೆ ಅದೇ ಲೆಕ್ಕ ಹಾಕಿದ್ದನ್ನು ನಾನು ಕಂಡಿಲ್ಲ. 2020ರ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕೆಸರನ್ನು ಕೋಣಗಳ ಹಿಂದೆ 13.62 ಸೆಕೆಂಡಿನಲ್ಲಿ ದಾಟಿದಾಗ, ದೇಶವೆಲ್ಲ ಅದನ್ನು ನೂರು ಮೀಟರಿಗೆ ಇಳಿಸಿ ಉಸೇನ್ ಬೋಲ್ಟ್ ಪಕ್ಕ ಇಟ್ಟಿತು. ಪೇಸಣ್ಣ ತಲೆಯಾಡಿಸಿದರು.

"ಲೆಕ್ಕಕ್ಕೆ ಬರಲ್ಲ ಕಣ್ರೀ. ಕಿಪ್ಚೋಗೆ 2019ರಲ್ಲಿ ವಿಯೆನ್ನಾದಲ್ಲಿ ಒಂದು ಐವತ್ತೊಂಬತ್ತು ನಲವತ್ತಕ್ಕೆ ಮ್ಯಾರಥಾನ್ ಓಡಿದ್ರಲ್ಲ, ಪೇಸರ್‌ಗಳು ಪಾಳಿ ಮೇಲೆ ಬಂದು ಓಡಿದ್ರು ಅಂತ ಅದು ದಾಖಲೆ ಆಗ್ಲಿಲ್ಲ. ಇಲ್ಲೂ ಹಾಗೇ. ಕೋಣ ಎರಡೂ ಪೇಸರ್."

"ಗೌಡರ ಕಾಲಲ್ಲಿ ಶೂ ಇರಲಿಲ್ಲ ಸಾರ್."

"ಕೆಸರಿತ್ತಲ್ಲ. ಮ್ಯಾಕ್ಸ್ ಕುಷನ್."

ವಾಚಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಓಟ ಮುಗಿದು ಮನೆ ತಲುಪಿದಾಗ ಅದು 9.98 ತೋರಿಸಿದರೆ, ಪೇಸಣ್ಣ ಬೇಸ್‌ಮೆಂಟಿನಲ್ಲಿ ಕಾರುಗಳ ಸುತ್ತ ಓಡುತ್ತಾರೆ. ಅಲ್ಲಿ ಸಿಗ್ನಲ್ ಸಿಗುವುದಿಲ್ಲ. ಮತ್ತೆ ರಸ್ತೆಗೆ ಬರುತ್ತಾರೆ.

ಈಗ ಮೂರು ವಾರದಿಂದ ಅವರು ಓಡುತ್ತಿಲ್ಲ. ಮಂಡಿಯ ಹೊರಪಕ್ಕ ನೋವು. ಫಿಜಿಯೊಥೆರಪಿಸ್ಟ್ ವಿಶ್ರಾಂತಿ ಹೇಳಿದ್ದಾರೆ. ವಿಶ್ರಾಂತಿಗೆ ಬೇಕಾದ ಸಾಮಾನು ಬಂದಿದೆ: ಫೋಮ್ ರೋಲರ್, ಬಣ್ಣಬಣ್ಣದ ರಬ್ಬರ್ ಪಟ್ಟಿ, ಕಾಲನ್ನು ಗುಂಯ್ ಎಂದು ಗುದ್ದುವ ಒಂದು ಯಂತ್ರ. ಬೆಳಿಗ್ಗೆ ಎರಡನೇ ಮಹಡಿಯ ಬಾಲ್ಕನಿಯಲ್ಲಿ ರೋಲರ್ ಮೇಲೆ ತೊಡೆ ಉರುಳಿಸುತ್ತಾ ಕೆಳಗೆ ಓಡುವವರನ್ನೆಲ್ಲ ತಿದ್ದುತ್ತಾರೆ. "ಭುಜ ಸಡಿಲ ಬಿಡಿ ಮೇಡಂ!" "ಹಿಮ್ಮಡಿ ಮೊದಲು ಊರಬೇಡಿ ಸಾರ್!" ಓಡುವ ಕೆಲಸ ತಪ್ಪಿದ್ದರಿಂದ ಇಡೀ ಹೊತ್ತು ಇದಕ್ಕೇ ಸಿಗುತ್ತಿದೆ. ಅವರ ಮುಖದಲ್ಲಿ ಇಷ್ಟು ಕಳೆ ನಾನು ಮೊದಲು ನೋಡಿರಲಿಲ್ಲ.

ಮೊನ್ನೆ ನಾನು ಪೇಪರ್ ವಾಪಸು ಕೊಡಲು ಹೋಗಿದ್ದೆ. ಕೆಳಗೆ ನಮ್ಮ ಸ್ಟಾಪಿನಿಂದ ಬಿಎಂಟಿಸಿ ಬಸ್ಸು ಆಗಲೇ ಹೊರಟಿತ್ತು. ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಟಿಫಿನ್ ಡಬ್ಬಿ, ಕಾಲಲ್ಲಿ ಹವಾಯಿ ಚಪ್ಪಲಿ, ಒಬ್ಬ ಹುಡುಗ ಅದರ ಹಿಂದೆ ಓಡುತ್ತಿದ್ದ. ಪೇಸಣ್ಣ ರೋಲರ್ ಬಿಟ್ಟು ಎದ್ದರು. ಕಂಬಿ ಹಿಡಿದು ಬಗ್ಗಿ, "ಸೊಂಟ ಕುಸೀತಿದೆಯಪ್ಪಾ! ಕೋರ್ ಹೋಲ್ಡ್ ಮಾಡು! ಹೋಲ್ಡ್! ಹೋಲ್ಡ್!" ಎಂದು ಕೂಗಿದರು.

ಕಂಡಕ್ಟರ್ "ಹೋಲ್ಡಾನ್" ಅಂದನೆಂದೇ ಡ್ರೈವರ್ ತಿಳಿದಿರಬೇಕು. ಬಸ್ಸು ಗಕ್ಕನೆ ನಿಂತಿತು. ಹುಡುಗ ಹತ್ತಿಕೊಂಡ. ಒಳಗೆ ಕಂಡಕ್ಟರ್ ಮತ್ತು ಡ್ರೈವರ್ ನಡುವೆ ಏನೋ ಮಾತಾಯಿತು, ಬಸ್ಸು ಹೊರಟಿತು.

ಪೇಸಣ್ಣ ನನ್ನ ಕಡೆ ತಿರುಗಿದರು.

"ನೋಡಿದ್ರಾ? ಕೋರ್ ಹಿಡಿದ ತಕ್ಷಣ ಪೇಸ್ ಹೇಗೆ ಬಂತು!"