ಕಂತಿನ ರಿಹರ್ಸಲ್

ಗೃಹಸಾಲ ಮಾಡಲು ಹೊರಟ ಗಂಡಸಿಗೆ ಎರಡು ಸಂಬಳ. ಒಂದು ಬ್ಯಾಂಕಿಗೆ ಜಮೆಯಾಗುವುದು, ಇನ್ನೊಂದು ತಲೆಯಲ್ಲಿರುವುದು. ನನ್ನ ತಲೆಯ ಸಂಬಳದಲ್ಲಿ ಬರುವ ಏಪ್ರಿಲ್‌ನ ಇನ್‌ಕ್ರಿಮೆಂಟು, ಕೊಟ್ಟರೂ ಕೊಡಬಹುದಾದ ಬೋನಸ್ಸು, ಭಾವಮೈದುನ ವಾಪಸ್ ಮಾಡಲಿರುವ ಕೈಸಾಲ ಎಲ್ಲವೂ ಸೇರಿವೆ. ನನ್ನವಳು ಮಾತ್ರ ಮೊಬೈಲಿಗೆ ಮೆಸೇಜು ಬಂದರಷ್ಟೇ ದುಡ್ಡು ಎನ್ನುವವಳು.

ಲೋನ್ ಏಜೆಂಟ್ ಫೋನು ಮಾಡಿ, ‘ಸರ್, ನಿಮಗೆ 50 ಲಕ್ಷಕ್ಕೆ ಎಲಿಜಿಬಿಲಿಟಿ ಇದೆ’ ಎಂದ. ಹುಟ್ಟಿದಾಗಿನಿಂದ ನನ್ನನ್ನು ಯಾವುದಕ್ಕೂ ಯಾರೂ ಅರ್ಹ ಎಂದಿರಲಿಲ್ಲ. ಎದೆ ಉಬ್ಬಿತು. ಶೇ. 8.5 ಬಡ್ಡಿ, 20 ವರ್ಷ, ತಿಂಗಳ ಕಂತು 43,391. ಲಕ್ಷ ರೂಪಾಯಿ ಸಂಬಳಕ್ಕೆ ಶೇ. 43! ಬ್ಯಾಂಕಿನವರು ಅರ್ಧದವರೆಗೂ ಒಪ್ಪುತ್ತಾರಂತೆ ಎಂದು ಎಕ್ಸೆಲ್ ಹಾಳೆ ತೋರಿಸಿದೆ.

‘ಅಲ್ಲಾ ರೀ, ಪಿಎಫ್ಫು, ಟ್ಯಾಕ್ಸು ಕಳೆದು ಕೈಗೆ ಬರೋದು 82,000. ಅದಕ್ಕೆ ಹಾಕಿ ನೋಡಿ.’

ಹಾಕಿದೆ. ಶೇ. 53. ನಾನು ಕಾಲಂ ಅಗಲ ಸರಿಮಾಡುವವನಂತೆ ನಟಿಸಿದೆ.

‘ಮೊದಲನೇ ಕಂತಲ್ಲಿ ಬಡ್ಡಿ ಎಷ್ಟು?’

‘35,417.’

‘ಹಾಗಾದ್ರೆ ಅಸಲಿಗೆ ಹೋಗೋದು 8,000 ಕೂಡ ಇಲ್ಲ. ಆ ತಿಂಗಳು ಮನೇಲಿ ನಮ್ಮದು ಅನ್ನೋಕೆ ಬಚ್ಚಲಿನ ನಲ್ಲಿ ಒಂದು.’

ಸಾಲ ಸಿಕ್ಕರೂ ಮುಗಿಯುವುದಿಲ್ಲ. 65 ಲಕ್ಷದ ಫ್ಲ್ಯಾಟಿಗೆ 15 ಲಕ್ಷ ನಾವೇ ಹೊಂದಿಸಬೇಕು. ಸ್ಟ್ಯಾಂಪ್ ಡ್ಯೂಟಿ ಶೇ. 5, ನೋಂದಣಿ ಶೇ. 2, ಅವನ್ನು ಬ್ಯಾಂಕು ಸಾಲದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಡ್ಡಿಯೋ, ಹೇಳಿದ ಕಡೆ ನಿಲ್ಲುವ ಪೈಕಿಯಲ್ಲ. 2022ರ ಮೇಯಿಂದ 2023ರ ಫೆಬ್ರವರಿಯೊಳಗೆ ರೆಪೋ ದರ ಶೇ. 4ರಿಂದ 6.5ಕ್ಕೆ ಹತ್ತಿತು. ಆಗ ನಮ್ಮ ಆಫೀಸಿನವರೊಬ್ಬರು ಕಂತು ಒಂದು ರೂಪಾಯಿಯೂ ಏರಲಿಲ್ಲವೆಂದು ಎಲ್ಲರಿಗೂ ಕಾಫಿ ಕುಡಿಸಿದ್ದರು. ಆಮೇಲೆ ಸ್ಟೇಟ್‌ಮೆಂಟ್ ತೆಗೆದು ನೋಡಿದರೆ ಏರಿದ್ದು ಅವಧಿ. ರಿಟೈರ್‌ಮೆಂಟ್ ದಾಟಿ ನಿಂತಿತ್ತು.

‘ಸಾಲ ಮಾಡೋಕೆ ಮುಂಚೆ ಕಂತು ಕಟ್ಟಿ ನೋಡೋಣ’ ಎಂದಳು. ಈಗಿನ ಬಾಡಿಗೆ 19,000. ಕಂತಿಗೆ ಕಡಿಮೆ ಬೀಳುವ 24,391 ಪ್ರತಿ 5ನೇ ತಾರೀಖು ಅವಳ ಆರ್‌ಡಿಗೆ. ಮೊದಲ ತಿಂಗಳು ಊರಿಗೆಲ್ಲ ಉಳಿತಾಯದ ಉಪನ್ಯಾಸ ಕೊಟ್ಟೆ. ಆಮೇಲೆ ಸ್ಕೂಟರಿನ ಹಿಂದಿನ ಟೈರು ಹೋಯಿತು, ಎರಡು ಗೃಹಪ್ರವೇಶಕ್ಕೆ ಮುಯ್ಯಿ ಬಂತು (ಎರಡೂ ಕಡೆ ನಾನು ಕೇಳಿದ ಮೊದಲ ಪ್ರಶ್ನೆ ಕಂತು ಎಷ್ಟು ಅಂತ), ಅಮ್ಮನ ಬಿಪಿ ಮಾತ್ರೆ, ಮಗಳ ಸ್ಕೂಲ್ ಫೀಸು. ಪೆಟ್ರೋಲಿಗೆ 500 ಕೇಳಲು ಅಡುಗೆಮನೆಗೆ ಹೋದೆ. ಒಗ್ಗರಣೆ ಸೌಟು ಕೆಳಗಿಡದೆ, ‘ಕಂತು ಬೌನ್ಸ್ ಆಗಿದೆ. ದಂಡ 500’ ಎಂದಳು. ಆ ದಂಡ ಕಟ್ಟಲು ಅವಳ ಹತ್ತಿರವೇ ಸಾಲ ತೆಗೆದೆ.

ಕಡೆಗೆ 30 ಲಕ್ಷಕ್ಕೆ ಇಳಿದೆವು. ಕಂತು 26,035; ಕೈಗೆ ಬರುವ ಸಂಬಳದಲ್ಲಿ ಶೇ. 32. ಏಜೆಂಟನಿಗೆ ನಿಜವಾಗಿ ಬೇಸರವಾಯಿತು. ‘50 ಕೊಡ್ತೀವಿ ಅಂದ್ರೆ 30 ಯಾಕೆ ಸರ್? ಇನ್ನೂ 20 ನಿಮಗೆ ಬರತ್ತೆ!’

ನಾನು ಉಗುಳು ನುಂಗುವಷ್ಟರಲ್ಲಿ ಅವಳು ಫೋನು ಕಿತ್ತುಕೊಂಡು, ‘ಆ 20 ನೀವೇ ತಗೊಳ್ಳಿ ಅಣ್ಣಾ, ನಿಮಗೂ ಎಲಿಜಿಬಿಲಿಟಿ ಇರತ್ತಲ್ಲ?’ ಎಂದಳು.

ಅತ್ತಲಿಂದ ಕ್ಷಣಹೊತ್ತು ಮಾತಿಲ್ಲ. ಆಮೇಲೆ, ‘ನಂದು ಆಗ್ಲೇ ಶೇ. 60 ಕಂತಿಗೆ ಹೋಗ್ತಿದೆ ಮೇಡಂ’ ಎಂದ.