ಮುಚ್ಚಳದ ಮಾಸ್ತರರು

ಟಿವಿ ರಿಮೋಟಿನ ಪ್ಲಾಸ್ಟಿಕ್ ಚೀಲ ತೆಗೆಯದೆ ಹತ್ತು ವರ್ಷ ಚಾನೆಲ್ ಬದಲಿಸಿದವರು, ಬೈಕಿನ ಸೀಟಿಗೊಂದು ಕವರು, ಆ ಕವರಿಗೊಂದು ಕವರು ತೊಡಿಸಿ, ಕೊನೆಗೆ ಬೈಕನ್ನು ಹೊಸ ಸೀಟಿನ ಸಮೇತ ಗುಜರಿಗೆ ಹಾಕಿದವರು ಎಲ್ಲ ಊರಲ್ಲೂ ಸಿಗುತ್ತಾರೆ. ಹಂಪಿಯೆದುರು ಹೊಳಿಯಾಚೆಯ ವಿರೂಪಾಪುರಗಡ್ಡೆಯಲ್ಲಿ ಈ ಕುಲದ ನಿವೃತ್ತ ವಿಜ್ಞಾನ ಮಾಸ್ತರರೊಬ್ಬರಿದ್ದಾರೆ. ಅವರ ಕೈಗೆ ಸಿಕ್ಕದ್ದು ದುರ್ಬೀನು.

ನಿವೃತ್ತಿಯ ದುಡ್ಡಿನಲ್ಲಿ ತರಿಸಿದ್ದು. ಮುಂದೆ 70 ಮಿಲಿಮೀಟರ್ ಅಗಲದ ಮಸೂರ, 700 ಮಿಲಿಮೀಟರ್ ಸಂಗಮದೂರ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ '525 ಪಟ್ಟು' ಎಂದಿತ್ತು. "ಅದು ಸಂತಿ ಮಾತು" ಅನ್ನುತ್ತಾರೆ ಮಾಸ್ತರರು. "700ನ್ನ 20ರ ಕಣ್ಣುಮಸೂರದಿಂದ ಭಾಗಿಸು, 35 ಪಟ್ಟು. 10ರಿಂದ ಭಾಗಿಸು, 70. ಮಸೂರದ ಅಗಲದ ಎರಡರಷ್ಟು, ಅಂದ್ರ 140 ದಾಟಿತೋ, ಕಾಣೋದು ಗುರು ಅಲ್ಲ, ಗಂಜಿ!" ಮಾತು ನೂರಕ್ಕೆ ನೂರು ನಿಜ. ಅವರು ಹೇಳುವುದೆಲ್ಲ ನಿಜವೇ. ಕಷ್ಟವೆಂದರೆ, ಅವರು ಹೇಳಿ ಮುಗಿಸುವಷ್ಟರಲ್ಲಿ ಗುರು ಮುಳುಗಿರುತ್ತಾನೆ.

ದುರ್ಬೀನಿನ ದಿನಚರಿ ನೋಡಬೇಕು. ಹಗಲೆಲ್ಲ ಹಳೇ ಧೋತರದಲ್ಲಿ ಸುತ್ತಿಸಿಕೊಂಡು ಕಪಾಟಿನಲ್ಲಿ ಮಲಗಿರುತ್ತದೆ. ಒಂದು ಕಡೆ ಹೊಳಿ, ಇನ್ನೊಂದು ಕಡೆ ನೀರು ನಿಂತ ಭತ್ತದ ಗದ್ದೆ. ಮಸೂರಕ್ಕೆ ಬೂಷ್ಟು ಹಿಡಿಯಲು ಇನ್ನೇನು ಬೇಕು? ಅದಕ್ಕೆಂದು ಗಂಗಾವತಿಯ ಚಪ್ಪಲಿ ಅಂಗಡಿಗಳನ್ನೆಲ್ಲ ಸುತ್ತಿ, ಡಬ್ಬಿಯೊಳಗಿನ ಸಿಲಿಕಾ ಜೆಲ್ ಪುಡಿಕೆಗಳನ್ನು ಬೇಡಿ ತಂದಿದ್ದಾರೆ. "ಅಕ್ಕಿ ಡಬ್ಬಿಯಾಗ ಇಡ್ರಿ, ಪಸೆ ಹೀರ್ತೈತಿ" ಎಂದ ಬೀಗರ ಜೊತೆ ಮೂರು ತಿಂಗಳು ಮಾತು ಬಿಟ್ಟಿದ್ದರು. ಅಕ್ಕಿಯ ಹಿಟ್ಟು ಮಸೂರಕ್ಕೆ ಕೂತರೆ ಒರೆಸುವವರು ಯಾರು? ಒರೆಸುವುದಂತೂ ಅವರ ಧರ್ಮದಲ್ಲೇ ಇಲ್ಲ. ಒರೆಸಿದರೆ ಧೂಳಿನ ಹರಳೇ ಗಾಜನ್ನು ಗೀರುತ್ತದೆ. ಊದಬೇಕು, ಬಾಯಿಂದಲ್ಲ, ಮೆಡಿಕಲ್ ಶಾಪಿನಿಂದ ತಂದ ರಬ್ಬರ್ ಬುರುಡೆಯಿಂದ.

ವರ್ಷದ ಮಹಾಗಂಡಾಂತರ ಆಯುಧಪೂಜೆ. ಪಂಪ್‌ಸೆಟ್ಟು, ಬೈಕು, ಮಿಕ್ಸರಿಗೆಲ್ಲ ಹಚ್ಚಿ ಬಂದ ಮನೆಯಾಕೆಯ ವಿಭೂತಿಗೈ ನೇರ ಮಸೂರದ ಕಡೆ ಹೊರಟಿತ್ತು. ಮಾಸ್ತರರು ಅಡ್ಡ ಬಿದ್ದು ತಡೆದರು. ಹಿರಿಯರು ಕೂತು ಮಾತಾಡಿ, ವಿಭೂತಿ ಸ್ಟ್ಯಾಂಡಿನ ಕಾಲಿಗೆ ಎಂದು ರಾಜಿಯಾಯಿತು.

ಸಂಜೆ, ಸೂರ್ಯ ಬೆನ್ನ ಹಿಂದೆ ಸರಿದ ಮೇಲೆಯೇ ದುರ್ಬೀನು ಹೊರಗೆ ಬರುತ್ತದೆ. ಅದನ್ನು ಸೂರ್ಯನಿಗೆ ತಿರುಗಿಸಿದವನಿಗೆ ಎರಡನೇ ಸಲ ನೋಡಲು ಆ ಕಣ್ಣು ಉಳಿಯುವುದಿಲ್ಲ ಎಂಬುದನ್ನು ಅವರು ಓಣಿಯ ಮಕ್ಕಳಿಗೆ ಮಗ್ಗಿಯಂತೆ ಬಾಯಿಪಾಠ ಮಾಡಿಸಿದ್ದಾರೆ. ಆಮೇಲೆ ಹೊಳಿಯಾಚೆಯ ವಿರೂಪಾಕ್ಷನ ಗೋಪುರದ ಕಳಸಕ್ಕೆ ಗುರಿಯಿಟ್ಟು, ಪುಟ್ಟ ಶೋಧಕ ದುರ್ಬೀನನ್ನೂ ದೊಡ್ಡದನ್ನೂ ಒಂದೇ ಗೆರೆಗೆ ತರುತ್ತಾರೆ. ಶೋಧಕದಲ್ಲಿ ಒಂಬತ್ತು ಅಂತಸ್ತಿನ ಗೋಪುರ ತಲೆಕೆಳಗು. "ಕೆಟ್ಟೈತ್ರಿ" ಎಂದವರಿಗೆ ಉತ್ತರ ಸಿದ್ಧ: "ಗುಡಿಯೊಳಗ ಹೋಗಿ ನೋಡು. ಕತ್ತಲಿ ಕ್ವಾಣಿಯ ಸಣ್ಣ ಕಿಂಡಿಯಾಗ ಬೆಳಕು ಹೊಕ್ಕು, ಅದೇ ಗೋಪುರದ ನೆರಳು ಗ್ವಾಡಿ ಮ್ಯಾಲೆ ಉಲ್ಟಾ ಬಿದ್ದೈತಿ. ಅಲ್ಲಿ ಕೈ ಮುಗೀತಿ, ಇಲ್ಲಿ ಕೆಟ್ಟೈತಿ ಅಂತಿ!"

ಕಳೆದ ಚಳಿಗಾಲದಲ್ಲಿ ಹಂಪಿಯಿಂದ ಕೊನೆಯ ದೋಣಿ ಹಿಡಿದು ಹೋದೆ. ಆ ದೋಣಿಗೆ ಹೋದವನಿಗೆ ಆ ರಾತ್ರಿ ವಾಪಸಿಲ್ಲ; ಮಾಸ್ತರರಿಗೆ ಬೇಕಾದದ್ದೂ ಅಂಥ ಪ್ರೇಕ್ಷಕನೇ. ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ 2020ರ ಮಾರ್ಚಿನಲ್ಲಿ ಗಡ್ಡೆಯ ಗೆಸ್ಟ್‌ಹೌಸುಗಳು ನೆಲಸಮವಾದವು. ಊರಿನ ಎಷ್ಟೋ ಜನರ ಅನ್ನ ಹೋಯಿತು, ಮಾಸ್ತರರಿಗೆ ಕತ್ತಲೆ ಸಿಕ್ಕಿತು. "ನಷ್ಟದಾಗ ಇದೊಂದ ಲಾಭ" ಅನ್ನುತ್ತಾರೆ, ಅಕ್ಕಪಕ್ಕ ದೋಣಿಯವರಿಲ್ಲದಾಗ ಮಾತ್ರ.

ಅಂಗಳದಲ್ಲಿ ಏಳೆಂಟು ಜನ ಸೇರಿದ್ದೆವು. ಬಂಡೆಯ ಮೇಲೆ ನಿಲ್ಲಿಸೋಣವೆಂದರೆ ಬೇಡ, ಹಗಲು ಕಾದ ಬಂಡೆ ರಾತ್ರಿ ಬಿಸಿ ಕಾರುತ್ತದೆ, ಚುಕ್ಕಿ ಕುಣಿಯುತ್ತದೆ. ಸ್ಟ್ಯಾಂಡು ಅಲುಗದಿರಲು ನಡುವೆ ಕಲ್ಲು ತುಂಬಿದ ಚೀಲ ತೂಗುಬಿಟ್ಟರು. ಗಡ್ಡೆಯಲ್ಲಿ ಕಲ್ಲಿಗೆ ಬರವೇ? ಆಮೇಲೆ "ಕೊಳವಿ ಆರ್ಬೇಕು" ಎಂದು ಅರ್ಧ ಗಂಟೆ ಕೂರಿಸಿದರು. ಕಡೆಗೂ ಗುರು ಸಿಕ್ಕ. 1610ರಲ್ಲಿ ಗೆಲಿಲಿಯೊ ಕಂಡ ನಾಲ್ಕು ಚಂದ್ರರು ಸಾಲಾಗಿ ನಿಂತಿದ್ದರು.

"ಕೈ ಹಚ್ಚಬ್ಯಾಡ. ಸ್ಟ್ಯಾಂಡಿಗೆ ಕಾಲು ತಾಕಿಸಬ್ಯಾಡ. ಉಸಿರಂತೂ ಬಿಡಲೇಬ್ಯಾಡ, ಗಾಜು ಮಂಜಾಗ್ತೈತಿ."

ಉಸಿರು ಕಟ್ಟಿ ಒಬ್ಬೊಬ್ಬರೇ ನೋಡಿದೆವು. 70 ಪಟ್ಟಿನಲ್ಲಿ ಭೂಮಿಯ ಗಾಣ ಕಣ್ಣಿಗೇ ಕಾಣುತ್ತದೆ. ಮೂರು ನಿಮಿಷದೊಳಗೆ ಗುರು ಈ ಅಂಚಿನಿಂದ ಆ ಅಂಚಿಗೆ ಜಾರಿ ಮಾಯ. ಮತ್ತೆ ಹುಡುಕಾಟ. ಬಳಿಕ 20ರ ಮಸೂರ ಹಾಕಿ ಮಹಾವ್ಯಾಧನ ನೀಹಾರಿಕೆಗೆ ತಿರುಗಿಸಿದರು. ನನಗೆ ಕಂಡದ್ದು ಊದಿದರೆ ಹಾರಿಹೋಗುವಂಥ ಹೊಗೆ. "ಇದು ಇಷ್ಟ ಕಾಣೂದು" ಎಂದರು ಮಾಸ್ತರರು, ಎರಡು ವರ್ಷದ ಅನುಭವದಿಂದ.

ಆಗ ದೋಣಿಯವನ ಮಗ, ಏಳನೇ ಕ್ಲಾಸಿನ ಹುಡುಗ, ಕೊಳವೆಯ ಮುಂದೆ ನಿಂತು ಬಾಯಿ ಬಿಟ್ಟ. "ಸರ್, ಇದರ ಮುಚ್ಚಳ ತಗದಿಲ್ಲಲ್ರಿ?"

"ತಗದೇನಿ ಕಾಣಂಗಿಲ್ಲೇನು? ನಡುವ ತೂತು ಐತಿ ನೋಡು."

ಕಂಪನಿಯವರು ದೊಡ್ಡ ಮುಚ್ಚಳದಲ್ಲೇ ಒಂದು ಮರಿ ಮುಚ್ಚಳ ಇಟ್ಟಿರುತ್ತಾರೆ. ಮಾಸ್ತರರು ತೆಗೆಯುತ್ತಿದ್ದದ್ದು ಮರಿಯನ್ನು ಮಾತ್ರ. ತೂತಿನ ಅಗಲ ಮಸೂರದ ಅರ್ಧ. ಅಂದಮೇಲೆ ಒಳಹೊಕ್ಕ ಬೆಳಕು ಕಾಲುಭಾಗ. ವಿಜಯನಗರದ ಮೊದಲ ಕಲ್ಲು ಬೀಳುವುದಕ್ಕೂ ಶತಮಾನಗಳ ಹಿಂದೆ ಹೊರಟು, ಸುಮಾರು 1,300 ವರ್ಷ ದಾರಿ ಸವೆಸಿ ಬಂದ ನೀಹಾರಿಕೆಯ ಬೆಳಕಿನ ಮುಕ್ಕಾಲು ಪಾಲು ಗಡ್ಡೆಯ ಮುಚ್ಚಳಕ್ಕೆ ಬಡಿದು ನಿಂತಿತ್ತು. "ಪೂರಾ ತಗದ್ರ ಧೂಳು..." ಎಂದು ಮಾಸ್ತರರು ಬಾಯಿ ತೆರೆಯುವಷ್ಟರಲ್ಲಿ ಹುಡುಗ ಟಪ್ಪೆಂದು ಕಿತ್ತಿದ್ದ.

ಮಾಸ್ತರರು ಕಣ್ಣಿಟ್ಟರು. ಮಾತಿಲ್ಲ. ಒಂದು ನಿಮಿಷ, ಎರಡು ನಿಮಿಷ. ಅವರನ್ನು ಅಷ್ಟು ಹೊತ್ತು ಸುಮ್ಮನೆ ಕಂಡವರು ಊರಲ್ಲಿ ಯಾರೂ ಇಲ್ಲ. ಆಮೇಲೆ ಹೊಟ್ಟೆಯೊಳಗಿಂದ ಉದ್ದಕ್ಕೆ ಒಂದು "ಹಾ...!"

ತಲೆ ಎತ್ತಿದಾಗ ಮಾತು ಮರಳಿತ್ತು. "ಸಣ್ಣ ತೂತು ಚಂದ್ರಗ. ಅಂಚಿನ ನೇರಳಿ ಬಣ್ಣ ಕಡಿಮಿ ಮಾಡ್ತೈತಿ. ಚುಕ್ಕಿಗೆ ಪೂರಾ ತಗೀಬೇಕು. ನಾ ಮದಲಿಂದ ಹೇಳ್ತಾ ಬಂದೇನಿ."

ಮೊದಲ ಮೂರು ಮಾತು ಎಂದಿನಂತೆ ನಿಜ. ಹುಡುಗ ಓಡಿ ಹೋಗಿ ಕಣ್ಣಿಟ್ಟ. "ಏನೂ ಕಾಣವಲ್ದರಿ, ಗಾಜು ಮಂಜಾಗೇತಿ."

"ಯಾರಲೇ ಅದು, ಉಸಿರು ಬಿಟ್ಟಾವ್ರು?" ಮಾಸ್ತರರು ಗುಡುಗಿದರು.

ನಾವೆಲ್ಲ ಉಸಿರು ಬಿಗಿಹಿಡಿದು ನಿಂತೆವು.